ಬೆಂಗಳೂರಿನ ಕಾರ್ಮಿಕರು: ಪ್ರತೀತಿಯೂ ನಿಜವೂ

ಕಾರ್ಮಿಕರ ರಾಜಕೀಯ ಎಂದೊಡನೆ ನಮ್ಮ ಕಣ್ಣೆದುರಿಗೆ ಮೊದಲು ನಿಲ್ಲುವುದು ರೇವುಪಟ್ಟಣದ ಚಿತ್ರ. ಹಡಗುಕಟ್ಟೆ, ಮೂಟೆ ಹೊರುವವರ ಸಾಲು, ಗಿರಣಿಯ ಹೊಗೆಕೊಳವೆ, ಕೆಂಬಾವುಟದ ಮೆರವಣಿಗೆ, ಇವೆಲ್ಲ ಆ ಚಿತ್ರದಲ್ಲಿ ಸೇರಿರುತ್ತವೆ. ಇಂಗ್ಲೆಂಡಿನ ಲಿವರ್‌ಪೂಲ್, ನಮ್ಮ ಮುಂಬಯಿ ಮತ್ತು ಕಲ್ಕತ್ತೆ ಆ ಚಿತ್ರಕ್ಕೆ ಮಾದರಿಗಳು. ಬೆಂಗಳೂರಿಗೆ ಕಡಲಿಲ್ಲ. ವೈಟ್‌ಫೀಲ್ಡಿನಲ್ಲಿ ಸರಕುಪೆಟ್ಟಿಗೆಗಳನ್ನು ರೈಲಿಗೇರಿಸುವ ಕಂಟೇನರ್ ಡಿಪೊ ಒಂದಿದೆ. ವ್ಯಾಪಾರಸ್ಥರು ಅಂಥದನ್ನು ಒಣಬಂದರು ಎನ್ನುವುದುಂಟು. ನಮ್ಮ ರಾಜಧಾನಿಗೆ ಇರುವ ರೇವು ಅಷ್ಟೆ.

ಇದರಿಂದಲೋ ಏನೋ, ಬೆಂಗಳೂರಿನ ಕೆಲಸಗಾರನನ್ನು ಕುರಿತು ಎರಡು ಪ್ರತೀತಿಗಳು ಬೇರೂರಿವೆ. ಬೆಂಗಳೂರು ಪಿಂಚಣಿದಾರರ ಊರು, ತಂಪು ಹವೆಯ ಊರು. ಇಲ್ಲಿಯ ಕೆಲಸಗಾರ ಸಾಧು, ರಾಜಕೀಯ ಅವನಿಗೆ ಹತ್ತದು ಎಂಬುದು ಮೊದಲನೆಯದು. ಎರಡನೆಯದು ಇದಕ್ಕೆ ತಿರುಗುಮುರುಗು. ಕೆಲಸಗಾರನೆಂದರೆ ಸ್ವಭಾವದಿಂದಲೇ ಹೋರಾಟಗಾರ; ಭಾಷೆ, ಜಾತಿ, ಊರಿನ ಅಭಿಮಾನಗಳು ಅಡ್ಡ ಬಂದು ಅವನ ದಾರಿ ತಪ್ಪಿಸುತ್ತವೆ, ಅಷ್ಟೆ ಎಂದು ಇದು ಹೇಳುತ್ತದೆ. ನಗರದ ಅಂಚಿನಲ್ಲಿ ಎಂಟು ದಶಕಗಳಿಂದ ನಡೆದುಬಂದಿರುವುದನ್ನು ವಾಚಕರು ನನ್ನೊಡನೆ ಒಮ್ಮೆ ಪರಾಂಬರಿಸಿದರೆ ಈ ಎರಡು ಮಾತೂ ನಿಲ್ಲುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಆ ರೇವುಪಟ್ಟಣಗಳನ್ನೇ ನೋಡೋಣ. ಲಿವರ್‌ಪೂಲ್ ಇಂದು ಎಡಪಕ್ಷದ ಕೆಲಸಗಾರರ ಊರೆಂದು ಹೆಸರಾಗಿದೆ. ೧೯೧೧ರಲ್ಲಿ ಅಲ್ಲಿ ಹಡಗು, ಬಂದರು, ರೈಲುಗಳ ಕೆಲಸಗಾರರು ಒಟ್ಟುಗೂಡಿ ಹೂಡಿದ ಮುಷ್ಕರ ಚರಿತ್ರೆಯಲ್ಲಿ ಪ್ರಸಿದ್ಧ. ಆದರೆ ಅದೇ ಊರಿನ ನಗರಸಭೆಯ ಆಡಳಿತ ಲೇಬರ್ ಪಕ್ಷಕ್ಕೆ ದೊರೆತದ್ದು ೧೯೫೫ರಲ್ಲಿ! ಅದುವರೆಗೆ ಪ್ರಾಟೆಸ್ಟೆಂಟ್ ಮತದ ಕೆಲಸಗಾರರಲ್ಲಿ ಅನೇಕರು ಕನ್ಸರ್ವೇಟಿವ್ ಪಕ್ಷವನ್ನು ನೆಚ್ಚಿದ್ದರು. ಐರಿಷ್ ಕ್ಯಾಥೊಲಿಕರು ಬಹುಕಾಲ ತಮ್ಮ ನಾಡಿನ ರಾಷ್ಟ್ರೀಯವಾದಿಗಳ ಬೆನ್ನಿಗಿದ್ದರು. ಟಿ. ಪಿ. ಓಕಾನರ್ ಎಂಬ ಐರಿಷ್ ರಾಷ್ಟ್ರೀಯವಾದಿ ೧೮೮೫ರಿಂದ ೧೯೨೯ರವರೆಗೆ ಆ ಇಂಗ್ಲಿಷ್ ಊರಿನ ಒಂದು ಕ್ಷೇತ್ರದಿಂದಲೇ ಪಾರ್ಲಿಮೆಂಟಿನಲ್ಲಿ ಕುಳಿತಿದ್ದರು.

ಮುಂಬಯಿಯ ಕಥೆಯೂ ಇಂಥದೇ. ಗಿರಣಿ ಕೆಲಸಗಾರರ ನೆಲೆಯಾಗಿದ್ದ ಪರೇಲಿನಲ್ಲಿ ೧೯೭೦ರಲ್ಲಿ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿಯವರ ಕೊಲೆಯಾಯಿತು. ಅನಂತರದ ಉಪಚುನಾವಣೆಯಲ್ಲಿ ಗೆದ್ದದ್ದು ಶಿವಸೇನೆ. ಹನ್ನೆರಡು ವರ್ಷಗಳ ಮೇಲೆ, ೧೯೮೨ರ ಜನವರಿ ೧೮ರಂದು, ಅದೇ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ದತ್ತಾ ಸಾಮಂತರ ಮುಂದಾಳುತನದಲ್ಲಿ ಮಗ್ಗ ನಿಲ್ಲಿಸಿ ಹೊರಬಂದರು. ಮತಪೆಟ್ಟಿಗೆಯ ಮುಂದೆ ಒಂದು ಗುರುತು, ಕೂಲಿಯ ಲೆಕ್ಕದ ಮುಂದೆ ಇನ್ನೊಂದು ಗುರುತು. ಕೆಲಸಗಾರನು ಒಂದೇ ಅಂಗಿಯನ್ನು ಸದಾ ತೊಟ್ಟಿರುವವನಲ್ಲ ಎಂಬುದನ್ನು ರೇವುಪಟ್ಟಣಗಳೇ ನಮಗೆ ತೋರಿಸಿಕೊಡುತ್ತವೆ.

ಇನ್ನು ನಮ್ಮ ಊರಿಗೆ ಬರೋಣ. ಬೆಂಗಳೂರಿನಲ್ಲಿ ಕಾರ್ಮಿಕ ಜೀವನ ಮೊದಲಾದದ್ದು ನಗರದ ನಡುವಣ ಬಟ್ಟೆ ಗಿರಣಿಗಳಲ್ಲಿ. ೧೮೮೪ರಲ್ಲಿ ಹುಟ್ಟಿ ಎರಡು ವರ್ಷಗಳಲ್ಲಿ ಬಿನ್ನಿ ಕಂಪನಿಯ ಕೈಸೇರಿದ ಗಿರಣಿ, ಮಲ್ಲೇಶ್ವರದ ರಾಜಾಮಿಲ್, ಮಿನರ್ವ ಮಿಲ್ ಮೊದಲಾದವು ಆ ಕಾಲದವು. ನಗರದ ಅಂಚಿಗೆ ಕೈಗಾರಿಕೆ ಸರಿದದ್ದು ವಿಮಾನದ ದೆಸೆಯಿಂದ. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯಿಂದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೯೪೮ರಲ್ಲಿ ದೂರವಾಣಿನಗರದ ಐ.ಟಿ.ಐ., ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಜಾಲಹಳ್ಳಿಯ ಬಿ.ಇ.ಎಲ್., ೧೯೬೪ರಲ್ಲಿ ಬಿ.ಇ.ಎಂ.ಎಲ್. ಇವು ಒಂದರ ಹಿಂದೊಂದು ಬಂದವು. ನಿಮ್ಮ ಮನೆಯ ಹಳೆಯ ಕೈಗಡಿಯಾರ, ಕರಿಯ ದೂರವಾಣಿ, ಟ್ರಾನ್ಸಿಸ್ಟರಿನ ಒಳಗಣ ಚಿಕ್ಕಪುಟ್ಟ ಭಾಗಗಳು ಈ ಜನರ ಕೈಯಿಂದ ಬಂದವಾಗಿರಬಹುದು. ಮತಯಂತ್ರವೂ ಬಿ.ಇ.ಎಲ್.ನಲ್ಲಿ ತಯಾರಾಗುತ್ತ ಬಂದಿದೆ. ಇಂಥವರಿಗೆ ರಾಜಕೀಯ ಹತ್ತದು ಎನ್ನುವುದು ವಿನೋದದ ಮಾತೇ ಸರಿ.

ಈ ಕಾರ್ಖಾನೆಗಳ ವಿಶೇಷವೇನು? ಕೆಲಸ ಖಾಯಂ. ವಸತಿಗೆ ಕಾಲೊನಿ, ಮಕ್ಕಳಿಗೆ ಶಾಲೆ, ರೋಗಕ್ಕೆ ಆಸ್ಪತ್ರೆ, ಹೋಗಿಬರಲು ಕಾರ್ಖಾನೆಯ ಬಸ್ಸು, ಮಧ್ಯಾಹ್ನಕ್ಕೆ ಕ್ಯಾಂಟೀನು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಹೆಬ್ಬಾಗಿಲು. ಪಾಳಿ ಬಿಟ್ಟಾಗ ಸಾವಿರಾರು ಮಂದಿ ಆ ಬಾಗಿಲಲ್ಲಿ ಒಬ್ಬರನ್ನೊಬ್ಬರು ಕಾಣುತ್ತಿದ್ದರು. ಅಲ್ಲಿ ನಿಂತು ಒಬ್ಬ ಮುಖಂಡ ಹತ್ತು ನಿಮಿಷ ಮಾತಾಡಿದರೆ ಸಂಜೆಯೊಳಗೆ ಕಾಲೊನಿಗೆಲ್ಲ ಸುದ್ದಿ. ಸಂಘ ಬೆಳೆಯಲು ಇದಕ್ಕಿಂತ ಹದವಾದ ಹೊಲ ಬೇಕೆ?

ಆ ಹೊಲದಲ್ಲಿ ಕಾರ್ಮಿಕ ಸಂಘದ ಪಕ್ಕದಲ್ಲಿಯೇ ಕನ್ನಡ ಸಂಘವೂ ಬೆಳೆಯಿತು. ಕೌಶಲದ ಕೆಲಸಕ್ಕೆ ನೆರೆನಾಡುಗಳಿಂದ ಬಂದವರು ಬಹಳ ಮಂದಿ ಇದ್ದರು. ಕನ್ನಡಿಗರು ತಮ್ಮ ಊರಿನಲ್ಲಿಯೇ ತಾವು ಕೆಲವರೆಂದು ಭಾವಿಸುತ್ತಿದ್ದ ಕಾಲ ಅದು. ೧೯೬೨ರಲ್ಲಿ ಅ. ನ. ಕೃಷ್ಣರಾಯರು ಕನ್ನಡ ಸಂಗೀತ, ಕನ್ನಡ ಚಿತ್ರಗಳ ಸ್ಥಾನಕ್ಕಾಗಿ ದನಿಯೆತ್ತಿದರು. ಮ. ರಾಮಮೂರ್ತಿಯವರು ಬಾವುಟ ಹಿಡಿದು ಬೀದಿಗಿಳಿದರು. ಆ ಕರೆಗೆ ಓಗೊಟ್ಟವರಲ್ಲಿ ಸಾಹಿತಿಗಳು ಮಾತ್ರವಲ್ಲ, ಕಾರ್ಖಾನೆಯ ಕೆಲಸಗಾರರೂ ಇದ್ದರು. ಒಬ್ಬನೇ ಫಿಟ್ಟರ್ ಬೆಳಿಗ್ಗೆ ಸಂಘದ ಚಂದಾ ಕೊಟ್ಟು, ಸಂಜೆ ರಾಜ್ಯೋತ್ಸವದ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದ. ಇವನಲ್ಲಿ ಯಾವುದು ನಿಜವಾದ ಗುರುತು, ಯಾವುದು ಸುಳ್ಳು ಎಂದು ಕೇಳುವುದು, ಎರಡು ಕಣ್ಣುಗಳಲ್ಲಿ ಯಾವುದು ನಿನ್ನದು ಎಂದು ಕೇಳಿದಂತೆ.

ಈಗ ೧೯೮೦ಕ್ಕೆ ಬನ್ನಿ. ಆ ವರ್ಷದ ಡಿಸೆಂಬರ್ ೨೬ರಂದು ಬೆಂಗಳೂರಿನ ಸರ್ಕಾರಿ ವಲಯದ ದೊಡ್ಡ ಕಾರ್ಖಾನೆಗಳ ಕೆಲಸಗಾರರು ಒಟ್ಟಾಗಿ ಕೆಲಸ ನಿಲ್ಲಿಸಿದರು. ಮುಷ್ಕರ ೭೭ ದಿನ ನಡೆದು ೧೯೮೧ರ ಮಾರ್ಚಿನಲ್ಲಿ ಮುಗಿಯಿತು. ಕೇಳಿದ್ದು ಕ್ರಾಂತಿಯನ್ನಲ್ಲ, ಬಿ.ಎಚ್.ಇ.ಎಲ್. ಎಂಬ ಇನ್ನೊಂದು ಸರ್ಕಾರಿ ಸಂಸ್ಥೆಯ ಕೆಲಸಗಾರರಿಗೆ ದೊರೆತ ವೇತನ ತಮಗೂ ದೊರೆಯಲಿ ಎಂಬುದು ಬೇಡಿಕೆ. ಧಣಿ ಒಬ್ಬನೇ, ಅಂದಮೇಲೆ ಪಂಕ್ತಿಭೇದ ಏಕೆ ಎಂಬುದು ಅವರ ಪ್ರಶ್ನೆ. ಕೇಂದ್ರ ಸರ್ಕಾರ ಮಣಿಯಲಿಲ್ಲ. ಕೇಳಿದ ಸಮಾನತೆ ಕೈಸೇರದೆಯೇ ಜನ ಕೆಲಸಕ್ಕೆ ಮರಳಿದರು. ಎರಡೂವರೆ ತಿಂಗಳು ಸಂಬಳವಿಲ್ಲದೆ, ದಿನಸಿ ಅಂಗಡಿಯ ಸಾಲ ಬೆಳೆಸಿಕೊಂಡು, ಒಡವೆ ಅಡವಿಟ್ಟು ಸಂಸಾರ ನಡೆಸುವುದು ಹುಡುಗಾಟವಲ್ಲ. ಮುಷ್ಕರ ಎಂಬ ಮಾತಿಗೆ ಹಠ ಎಂಬ ಹಳೆಯ ಅರ್ಥವೂ ಉಂಟು. ಸಾಧುಗಳೆನಿಸಿಕೊಂಡವರು ಆ ಅರ್ಥವನ್ನು ಅಂದು ಬದುಕಿ ತೋರಿಸಿದರು. ಮೊದಲನೆಯ ಪ್ರತೀತಿ ಇಲ್ಲಿಗೆ ಬಿತ್ತು.

ಎರಡನೆಯದೂ ಬಹುಕಾಲ ಉಳಿಯಲಿಲ್ಲ. ಆ ಮುಷ್ಕರ ನಡೆಯುತ್ತಿದ್ದ ದಿನಗಳಲ್ಲಿಯೇ, ೧೯೮೧ರ ಜನವರಿಯಲ್ಲಿ, ವಿ. ಕೃ. ಗೋಕಾಕರ ಸಮಿತಿ ಪ್ರೌಢಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತ ವರದಿ ಒಪ್ಪಿಸಿತು. ೧೯೮೨ರಲ್ಲಿ ಡಾ. ರಾಜಕುಮಾರರು ಮುಂದೆ ನಿಂತಾಗ ಆ ಚಳವಳಿ ನಾಡಿನ ಮೂಲೆಮೂಲೆಗೆ ಹಬ್ಬಿತು. ಕಾರ್ಖಾನೆಗಳ ಕನ್ನಡಿಗ ಕೆಲಸಗಾರರೂ ಅದರಲ್ಲಿ ಸೇರಿದರು. ೧೯೮೩ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಅದೇ ವರ್ಷ ನೇಮಕವಾದ ಸರೋಜಿನಿ ಮಹಿಷಿ ಸಮಿತಿ, ಕರ್ನಾಟಕದಲ್ಲಿ ಕನ್ನಡಿಗರಿಗೆ ಉದ್ಯೋಗ ಎಂಬ ವಿಷಯದಲ್ಲಿ ತನ್ನ ಅಂತಿಮ ವರದಿಯನ್ನು ೧೯೮೬ರಲ್ಲಿ ಕೊಟ್ಟಿತು. ವೇತನದ ಬೇಡಿಕೆ ಸೋತ ಮೇಲೆ ಕೆಲಸಗಾರ ಭಾಷೆಯತ್ತ ದಾರಿ ತಪ್ಪಿದ ಎಂದು ಕೆಲವರು ವಿವರಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಭಾಷೆಯ ಬೇಡಿಕೆಯ ಒಳಗೂ ಅನ್ನದ ಬೇಡಿಕೆಯೇ ಇತ್ತು. ನನ್ನ ಮಗನಿಗೆ ಈ ಕಾರ್ಖಾನೆಯಲ್ಲಿ ಕೆಲಸ ಸಿಕ್ಕೀತೆ ಎಂಬುದು ಮನೆಮನೆಯ ಪ್ರಶ್ನೆಯಾಗಿತ್ತು. ಹಾಗೆಂದು ಅದರ ಕೆಡುಕನ್ನು ಮರೆಮಾಚಲೂ ಬಾರದು. ೧೯೯೧ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ಗಲಭೆಯಾದಾಗ ಏಟು ತಿಂದವರಲ್ಲಿ ತಮಿಳು ಮಾತಾಡುವ ಬಡ ಕೂಲಿಕಾರರು ಎಷ್ಟೋ ಮಂದಿ.

ಈ ನಡುವೆ ಕೈಗಾರಿಕೆಯ ಸ್ವರೂಪವೇ ಬದಲಾಗತೊಡಗಿತ್ತು. ತುಮಕೂರು ರಸ್ತೆಯ ಪೀಣ್ಯದಲ್ಲಿ ೧೯೭೦ರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ವಸಾಹತು ಬೆಳೆಯಿತು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಾವಿರಾರು ಶೆಡ್ಡುಗಳು ಅಲ್ಲಿ ಎದ್ದವು. ಒಂದೊಂದರಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರ, ಎಂಟು ಹತ್ತು ಆಳು. ಎಷ್ಟೋ ಕಡೆ ಮಾಲೀಕನೂ ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಕಲಿತವನೇ. ಆಳು ಅವನ ಊರಿನವನೋ ನೆಂಟನೋ ಆಗಿರುತ್ತಾನೆ. ಇಲ್ಲಿ ಸಂಘ ಕಟ್ಟುವುದು ಹೇಗೆ? ಯಾರ ಬಾಗಿಲಲ್ಲಿ ನಿಂತು ಭಾಷಣ ಮಾಡುವುದು? ೧೯೫೨ರ ಭವಿಷ್ಯನಿಧಿ ಕಾಯಿದೆ ಅನ್ವಯಿಸುತ್ತಿದ್ದುದು ೨೦ ಅಥವಾ ಹೆಚ್ಚು ಮಂದಿ ಇದ್ದ ಕಡೆಗೆ. ಹತ್ತು ಆಳಿನ ಶೆಡ್ಡು ಅದರ ಹೊರಗೇ ಉಳಿಯುತ್ತಿತ್ತು. ಪೀಣ್ಯದ ಕೆಲಸಗಾರ ಮೌನವಾಗಿದ್ದರೆ ಅದು ತೃಪ್ತಿಯ ಮೌನವೆಂದು ತಿಳಿಯಬಾರದು. ಕೇಳುವವರಿಲ್ಲದ ಕಡೆ ಯಾರೂ ಕೂಗುವುದಿಲ್ಲ.

ಉಪಾಧ್ಯಾಯ ವೃತ್ತಿಯವನಾದ ನನಗೆ ಈ ಬದಲಾವಣೆ ಕಂಡದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಹಳೆಯ ಪುಟಗಳಲ್ಲಿ ತಂದೆಯ ಉದ್ಯೋಗ ಎಂಬ ಕಲಮಿನ ಕೆಳಗೆ ಕಾರ್ಖಾನೆಯ ಹೆಸರೇ ಇರುತ್ತಿತ್ತು: ಎಚ್.ಎಂ.ಟಿ., ಬಿ.ಇ.ಎಲ್., ಐ.ಟಿ.ಐ. ಹೆಸರು ಹೇಳುವಾಗ ತಂದೆಯ ದನಿಯಲ್ಲಿ ಒಂದು ಗತ್ತು. ಹೊಸ ಪುಟಗಳಲ್ಲಿ ಬಹುತೇಕ ಒಂದೇ ಮಾತು: ಪ್ರೈವೇಟ್. ಯಾವ ಕಂಪನಿ ಎಂದರೆ ಕಂಟ್ರಾಕ್ಟು ಎಂಬ ಉತ್ತರ. ತಾಯಿಯ ಉದ್ಯೋಗದ ಕಲಮಿನಲ್ಲಿ ಮೊದಲು ಗೃಹಿಣಿ ಎಂದಿರುತ್ತಿದ್ದ ಕಡೆ ಈಗ ಗಾರ್ಮೆಂಟ್ಸ್ ಎಂಬ ಶಬ್ದ ಮೇಲಿಂದ ಮೇಲೆ ಬರುತ್ತದೆ. ತಂದೆಯ ಕಲಮಿನಿಂದ ಹೆಸರು ಅಳಿಸಿಹೋದ ಕಾಲಕ್ಕೇ ತಾಯಿಯ ಕಲಮಿನಲ್ಲಿ ಹೊಸ ಶಬ್ದ ಮೂಡಿತು. ಮುಂದಿನ ಕಥೆ ಆ ತಾಯಂದಿರದು.

ಮಂಡ್ಯ, ರಾಮನಗರ, ತುಮಕೂರು ಕಡೆಯ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಬೊಮ್ಮನಹಳ್ಳಿ, ಹೊಸೂರು ರಸ್ತೆ, ಪೀಣ್ಯಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತರು. ಗಂಟೆಗೆ ಇಷ್ಟು ಕಾಲರು, ಇಷ್ಟು ತೋಳು ಎಂಬ ಟಾರ್ಗೆಟ್ಟು. ಸಂಬಳ ಅಲ್ಪ. ಉಳಿತಾಯವೆಂದರೆ ಪಿ.ಎಫ್. ಒಂದೇ. ಆರೇಳು ವರ್ಷ ದುಡಿದು, ಕಣ್ಣು ಬೆನ್ನು ಸೋತಾಗ ಕೆಲಸ ಬಿಟ್ಟು, ಆ ಹಣದಲ್ಲಿ ಮಗಳ ಮದುವೆಯನ್ನೋ ಮಗನ ಕಾಲೇಜಿನ ಶುಲ್ಕವನ್ನೋ ಸಾಲವನ್ನೋ ತೀರಿಸುವುದು ವಾಡಿಕೆ. ೨೦೧೬ರ ಫೆಬ್ರವರಿ ೧೦ರಂದು ಕೇಂದ್ರ ಸರ್ಕಾರ ಹೊಸ ನಿಯಮ ಹೊರಡಿಸಿತು: ಮಾಲೀಕರು ಕಟ್ಟಿದ ಪಾಲನ್ನು ಇನ್ನು ೫೮ ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ. ವೃದ್ಧಾಪ್ಯಕ್ಕೆ ಒಳ್ಳೆಯದು ಎಂಬುದು ಸರ್ಕಾರದ ವಾದ. ಆದರೆ ಮೂವತ್ತೈದಕ್ಕೇ ದೇಹ ಸೋಲುವ ಕೆಲಸದಲ್ಲಿ ಐವತ್ತೆಂಟರ ಮಾತು ಯಾರಿಗೆ ರುಚಿಸೀತು?

ಏಪ್ರಿಲ್ ೧೮ರಂದು ಬೊಮ್ಮನಹಳ್ಳಿಯಲ್ಲಿ ಹೆಂಗಸರು ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದರು. ಒಂದು ಕಾರ್ಖಾನೆಯವರನ್ನು ಕಂಡು ಇನ್ನೊಂದರವರು ಹೊರಬಂದರು. ಮರುದಿನ ಪೀಣ್ಯದ ಕಡೆ ತುಮಕೂರು ರಸ್ತೆಯೂ ಕಟ್ಟಿತು. ಅಂದು ಕಲ್ಲು ತೂರಾಟವೂ ನಡೆಯಿತು, ಬಸ್ಸುಗಳಿಗೆ ಬೆಂಕಿಯೂ ಬಿತ್ತು. ಹೆಬ್ಬಗೋಡಿಯ ಪೊಲೀಸ್ ಠಾಣೆಯ ಬಳಿ ವಾಹನಗಳು ಉರಿದವು. ಪೊಲೀಸರ ಲಾಠಿ ಹೆಂಗಸರ ಮೈಮೇಲೂ ಬಿತ್ತು. ಮೊದಲ ದಿನ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ನಿಯಮವನ್ನು ಜುಲೈ ೩೧ರವರೆಗೆ ತಡೆಹಿಡಿದೆವೆಂದರು. ಎರಡನೆಯ ದಿನ ರದ್ದುಮಾಡಿದೆವೆಂದರು. ಎರಡೇ ದಿನಗಳಲ್ಲಿ ದೇಶದ ಒಂದು ನಿಯಮ ಬಿದ್ದುಹೋಯಿತು. ಯಾವ ದೊಡ್ಡ ಸಂಘವೂ ಈ ಹೋರಾಟಕ್ಕೆ ಕರೆ ಕೊಟ್ಟಿರಲಿಲ್ಲ. ಯಾವ ಪಕ್ಷದ ಬಾವುಟವೂ ಮುಂದಿರಲಿಲ್ಲ. ೧೯೮೧ರಲ್ಲಿ ಬಲಿಷ್ಠ ಸಂಘಗಳು ೭೭ ದಿನಗಳಲ್ಲಿ ಸಾಧಿಸಲಾರದ್ದನ್ನು ಈ ಹೆಣ್ಣುಮಕ್ಕಳು ಸಾಧಿಸಿದರು.

ಹೊರಗಿನವರು ಯಾರೋ ಕೆರಳಿಸಿರಬೇಕು ಎಂಬ ಮಾತು ಆಗ ಕೇಳಿಬಂತು. ಇದು ಮೊದಲನೆಯ ಪ್ರತೀತಿಯ ಮರುಜನ್ಮ: ಸಾಧುಗಳು ತಾವಾಗಿ ಏಳಲಾರರು! ಇನ್ನು ಕೆಲವರು, ಬೆಂಗಳೂರಿನಲ್ಲಿ ಹೊಸ ಕ್ರಾಂತಿ ಹುಟ್ಟಿತೆಂದು ಸಂಭ್ರಮಿಸಿದರು. ಇದು ಎರಡನೆಯ ಪ್ರತೀತಿಯ ಮರುಜನ್ಮ. ಹೆಂಗಸರು ಮಾತ್ರ ಗೆದ್ದ ಮೇಲೆ ತಮ್ಮ ತಮ್ಮ ಯಂತ್ರಗಳಿಗೆ ಮರಳಿದರು. ಅವರು ಬೀದಿಗೆ ಬಂದದ್ದು ತಮ್ಮ ದುಡ್ಡಿಗಾಗಿ, ತಮಗೆ ಕೊಟ್ಟ ಮಾತಿಗಾಗಿ.

ಅದೇ ೨೦೧೬ರ ಸೆಪ್ಟೆಂಬರ್ ೧೨ರಂದು ಕಾವೇರಿಯ ವಿಷಯದಲ್ಲಿ ಬೆಂಗಳೂರು ಮತ್ತೆ ಹೊತ್ತಿತು. ತಮಿಳುನಾಡಿನ ಹೆಸರಿನ ಬಸ್ಸುಗಳು ಸುಟ್ಟುಹೋದವು. ಪೀಣ್ಯಕ್ಕೆ ಸಮೀಪದ ಹೆಗ್ಗನಹಳ್ಳಿಯ ಕಡೆ ಪೊಲೀಸರು ಗುಂಡು ಹಾರಿಸಿ ಒಬ್ಬ ಯುವಕ ಸತ್ತ. ಐದು ತಿಂಗಳ ಅಂತರದಲ್ಲಿ ನಗರದ ಒಂದೇ ಅಂಚು ಒಮ್ಮೆ ಕೂಲಿಯ ಹೆಸರಿನಲ್ಲಿಯೂ ಒಮ್ಮೆ ನೀರಿನ, ನುಡಿಯ ಹೆಸರಿನಲ್ಲಿಯೂ ಕುದಿಯಿತು. ಎರಡರಲ್ಲಿ ಒಂದನ್ನು ಮಾತ್ರ ಎಣಿಸಿ ಇನ್ನೊಂದನ್ನು ಮರೆಯುವವನು ಚರಿತ್ರೆ ಬರೆಯುವುದಿಲ್ಲ, ಪಕ್ಷದ ಕರಪತ್ರ ಬರೆಯುತ್ತಾನೆ.

ಇನ್ನು ಗಾಜಿನ ಕಟ್ಟಡಗಳ ಕಡೆ ಹೊರಳೋಣ. ಕಿಯೋನಿಕ್ಸ್ ಸಂಸ್ಥೆ ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿ ಹಾಡಿತು. ಆರ್. ಕೆ. ಬಾಳಿಗರ ಕನಸು ಅದು. ವೈಟ್‌ಫೀಲ್ಡಿನಲ್ಲಿ ೧೯೯೦ರ ದಶಕದಲ್ಲಿ ಐ.ಟಿ.ಪಿ.ಎಲ್. ಎದ್ದಿತು. ಇಲ್ಲಿ ದುಡಿಯುವವರು ತಮ್ಮನ್ನು ಕಾರ್ಮಿಕರೆಂದು ಕರೆದುಕೊಳ್ಳುವುದು ಅಪರೂಪ. ಉದ್ಯೋಗಿ, ಎಂಜಿನಿಯರ್, ಟೆಕ್ಕಿ ಎನ್ನುತ್ತಾರೆ. ಶಬ್ದದ ಈ ಸಂಕೋಚಕ್ಕೆ ಕಾಯಿದೆಯ ಫಲವೂ ಉಂಟು. ಕೆಲಸದ ವೇಳೆ, ರಜೆ, ಶಿಸ್ತು, ವಜಾ ಇವುಗಳ ಷರತ್ತನ್ನು ಮಾಲೀಕರು ಬರೆದು ಸರ್ಕಾರದಿಂದ ದೃಢೀಕರಿಸಿಕೊಳ್ಳಬೇಕೆಂದು ೧೯೪೬ರ ಸ್ಥಾಯೀ ಆದೇಶಗಳ ಕಾಯಿದೆ ವಿಧಿಸಿತ್ತು. ಕರ್ನಾಟಕ ಸರ್ಕಾರ ೨೦೧೪ರಲ್ಲಿ ಐದು ವರ್ಷಗಳ ಮಟ್ಟಿಗೆ ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಟ್ಟು, ೨೦೧೯ರಲ್ಲಿ ಅದನ್ನು ಮುಂದುವರಿಸಿತು. ೨೦೧೭ರಲ್ಲಿ ಈ ವಲಯದವರದೇ ಒಂದು ಕಾರ್ಮಿಕ ಸಂಘ ರಾಜ್ಯದಲ್ಲಿ ಹುಟ್ಟಿತು.

೨೦೨೪ರ ಜುಲೈ ತಿಂಗಳನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ಆ ತಿಂಗಳಲ್ಲಿ ಎರಡು ವಿಷಯಗಳು ಒಟ್ಟಿಗೆ ಬಂದವು. ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦, ಉಳಿದವುಗಳಲ್ಲಿ ನೂರಕ್ಕೆ ೭೦ ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯದ ಮಂತ್ರಿಮಂಡಲ ಒಪ್ಪಿಗೆಯಿತ್ತು, ಉದ್ಯಮಿಗಳ ಆಕ್ಷೇಪಣೆಯ ಮೇಲೆ ಎರಡು ಮೂರು ದಿನಗಳಲ್ಲಿಯೇ ಅದನ್ನು ತಡೆಹಿಡಿಯಿತು. ಅದರ ಬೆನ್ನಿಗೇ ಐ.ಟಿ. ವಲಯದಲ್ಲಿ ದಿನಕ್ಕೆ ೧೪ ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶವೀಯುವ ಪ್ರಸ್ತಾಪ ಸುದ್ದಿಯಾಯಿತು. ಸಂಘ ಅದನ್ನು ವಿರೋಧಿಸಿತು. ಮೊದಲನೆಯದು ಕನ್ನಡಿಗನ ಪ್ರಶ್ನೆ, ಎರಡನೆಯದು ಕೆಲಸಗಾರನ ಪ್ರಶ್ನೆ ಎಂದು ಪತ್ರಿಕೆಗಳು ಬೇರೆ ಬೇರೆ ಪುಟಗಳಲ್ಲಿ ಚರ್ಚಿಸಿದವು. ಆದರೆ ಕೆಲಸ ಯಾರಿಗೆ ಎಂಬುದೂ ಕೆಲಸ ಎಷ್ಟು ಹೊತ್ತು ಎಂಬುದೂ ಒಂದೇ ಮನೆಯ ಊಟದ ಎಲೆಯ ಮುಂದೆ ಏಳುವ ಪ್ರಶ್ನೆಗಳಲ್ಲವೆ?

ಅದೇ ಆವರಣಗಳಲ್ಲಿ ಕಾವಲು, ಕಸ, ಅಡುಗೆ, ವಾಹನದ ಕೆಲಸಗಳನ್ನು ಗುತ್ತಿಗೆಯ ಮೇಲೆ ಮಾಡುವವರೂ ಇದ್ದಾರೆ. ಒಡಿಶಾ, ಬಿಹಾರ, ಅಸ್ಸಾಮುಗಳಿಂದ ಬಂದವರು ಅನೇಕರು. ಅವರಲ್ಲಿ ಎಷ್ಟೋ ಮಂದಿಯ ಮತ ಅವರ ಹಳ್ಳಿಯಲ್ಲಿದೆ, ದುಡಿಮೆ ಇಲ್ಲಿದೆ. ಮತವಿಲ್ಲದ ಕಡೆ ದುಡಿಯುವವನ ಕಷ್ಟವನ್ನು ಕೇಳಲು ಯಾವ ಅಭ್ಯರ್ಥಿಯೂ ಬಾಗಿಲಿಗೆ ಬರುವುದಿಲ್ಲ. ಇಂದಿನ ಅಂಚಿನ ಬೆಂಗಳೂರಿನಲ್ಲಿ ನಿಜವಾಗಿ ಚಿಂತಿಸಬೇಕಾದ ವಿಷಯ ಇದು.

ಹಾಗಾದರೆ ಕಾರ್ಮಿಕನ ರಾಜಕೀಯ ಗುರುತು ಎಂಬುದು ಇದೆಯೆ, ಇಲ್ಲವೆ? ಇದೆ. ಆದರೆ ಅದು ಹುಟ್ಟಿನಿಂದ ಬರುವ ಮಚ್ಚೆಯಲ್ಲ. ಅದು ಮೂಡಲು ಎರಡು ಬೇಕು: ಎಲ್ಲರಿಗೂ ಸಮನಾಗಿ ತಿಳಿದ ಒಂದು ವಾಗ್ದಾನ, ಎಲ್ಲರೂ ಒಬ್ಬರನ್ನೊಬ್ಬರು ಕಾಣಬಲ್ಲ ಒಂದು ಬಾಗಿಲು. ಸರ್ಕಾರಿ ಕಾರ್ಖಾನೆಗಳಲ್ಲಿ ಎರಡೂ ಇದ್ದವು. ಪೀಣ್ಯದ ಶೆಡ್ಡಿಗೆ ಬಾಗಿಲೇ ಇಲ್ಲ. ಗಾರ್ಮೆಂಟ್ಸಿನ ಹೆಂಗಸರಿಗೆ ವಾಗ್ದಾನವಿತ್ತು, ಅದು ಮುರಿದ ದಿನ ಹೆದ್ದಾರಿಯೇ ಬಾಗಿಲಾಯಿತು. ಗಾಜಿನ ಕಟ್ಟಡದವರು ಒಂದೇ ಬಾಗಿಲಿನಲ್ಲಿ ಹೊಕ್ಕರೂ ಒಂದೇ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳಲು ಇನ್ನೂ ಹಿಂಜರಿಯುತ್ತಾರೆ.

ನಮ್ಮ ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕಾಯಕವೆಂಬ ದೊಡ್ಡ ಹೆಸರಿಟ್ಟರು. ಅವರು ದುಡಿಯುವವನನ್ನು ಅವನ ಕೆಲಸದ ಹೆಸರಿನಿಂದಲೇ ಕರೆದು ಸಭೆಯಲ್ಲಿ ಕುಳ್ಳಿರಿಸಿದರು: ಮಾದಾರ, ಮಡಿವಾಳ, ಅಂಬಿಗ. ಇಂದು ದಾಖಲಾತಿ ಪುಸ್ತಕದಲ್ಲಿ ಪ್ರೈವೇಟ್ ಎಂದು ಬರೆಸುವ ತಂದೆಗೆ ಸಭೆಯೂ ಇಲ್ಲ, ಹೆಸರೂ ಇಲ್ಲ. ನಾಳೆ ಬೆಳಿಗ್ಗೆ ನಿಮ್ಮ ಬೀದಿಯಿಂದ ಕಾರ್ಖಾನೆಯ ವ್ಯಾನನ್ನು ಹತ್ತುವವರನ್ನು ಕಂಡಾಗ ಅವರ ಕೈಯ ಬಾವುಟ ಯಾವ ಬಣ್ಣದ್ದು ಎಂದು ಊಹಿಸುವ ಬದಲು, ಅವರಿಗೆ ಯಾರು ಯಾವ ಮಾತು ಕೊಟ್ಟಿದ್ದಾರೆ, ಆ ಮಾತು ನಡೆಯುತ್ತಿದೆಯೆ ಎಂದು ವಿಚಾರಿಸಿ. ಅವರ ರಾಜಕೀಯ ಅಲ್ಲಿಂದ ಮೊದಲಾಗುತ್ತದೆ.